ಮುಯ್ಯಾಳಿನ ಗುಂಪಿನಿಂದ ಪಂಪಾವತಿ ಹೊರಬಿದ್ದದ್ದು

1

ಹೇಗೆ ಶುರು ಮಾಡಲಿ? ಸಂಪಾದಕರು ಕೇಳಿದ್ದು ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಟ್ಟುಹೋದದ್ದರ ಮೇಲೊಂದು ಕಥೆ. ‘ಥೇಮ್ಸ್ ನದಿಯ ಮೇಲೆ ಮಂಜು ಕವಿದಿತ್ತು’ ಎಂದು ಬರೆದೆ. ಹೊಡೆದುಹಾಕಿದೆ. ಹೊಸಪೇಟೆಯ ಬಾಡಿಗೆ ಮನೆಯಲ್ಲಿ ಫ್ಯಾನು ಬಿಸಿಗಾಳಿ ತಿರುವುತ್ತಿರುವಾಗ ಲಂಡನ್ನಿನ ಮಂಜನ್ನು ಎಲ್ಲಿಂದ ತರಲಿ? ನಾನು ಮಾತಾಡಿಸಿದ ಇಂಗ್ಲೆಂಡಿನವನು ಒಬ್ಬನೇ, ಹಂಪಿಯಲ್ಲಿ ಬಾಡಿಗೆ ಮೊಪೆಡ್ ಮೇಲಿಂದ ಬಿದ್ದು ಎದ್ದವನು. ಯಾಕಪ್ಪಾ ಯೂನಿಯನ್ ಬಿಟ್ಟಿರಿ ಅಂತ ಕೇಳಿದ್ದೆ. ‘ಕಾಂಪ್ಲಿಕೇಟೆಡ್’ ಅಂದ. ಕಥೆಗೆ ಅಷ್ಟು ಸಾಲದು.

2

ಹಾಗಾಗಿ ಬ್ರಿಟನ್ನನ್ನು ಎತ್ತಿ ಎಮ್ಮಿಗನೂರೆಂಬ ಹಳ್ಳಿಗೆ ತಂದೆ. (ಗಾಬರಿ ಬೇಡ, ಕಂಪ್ಲಿ ಬಸ್ಸಿನಲ್ಲೇ ತಂದದ್ದು.) ಇಲ್ಲಿ ಯೂನಿಯನ್ ಅಂದರೆ ಹೆಂಗಸರ ಮುಯ್ಯಾಳಿನ ಗುಂಪು. ಇವತ್ತು ನನ್ನ ಗದ್ದೆಗೆ ನೀವು ಬಂದು ಭತ್ತದ ಸಸಿ ಹಚ್ಚಿ ನಾಟಿ ಮಾಡುತ್ತೀರಿ, ನಾಳೆ ನಿಮ್ಮ ಗದ್ದೆಗೆ ನಾನು ಬರುತ್ತೇನೆ. ಕೂಲಿ ಇಲ್ಲ, ಎಲ್ಲ ಬಾಯಿಮಾತು. ಯಾರ ಗದ್ದೆ ಮೊದಲು ಅಂತ ಹೇಳುವವಳು ಮೇಲೋಣಿಯ ತಾಯಕ್ಕ. ಬದುವಿನ ಮೇಲೆ ನಿಂತು ಎಲೆಅಡಿಕೆ ಜಗಿಯುತ್ತ ಕೂಗುವುದೇ ಅವಳ ಕೆಲಸ. (ಬ್ರಸೆಲ್ಸ್‌ನಲ್ಲಿ ಕೂತ ಯೂನಿಯನ್ನಿನ ದೊಡ್ಡವರೂ ಹೀಗೇ ಅಂತ ಕೇಳಿದ್ದೇನೆ.)

ಕೆಳಗಿನ ಓಣಿಯವರ ಸರದಿ ಯಾವಾಗಲೂ ಕೊನೆಗೆ. ಈ ಸಲ ಮೇಲೋಣಿಯ ಗದ್ದೆಗಳೆಲ್ಲ ಮುಗಿದ ಕೂಡಲೇ ತಾಯಕ್ಕ, ಸ್ವಲ್ಪ ಸುಧಾರಿಸಿಕೊಳ್ಳೋಣ ಅಂದುಬಿಟ್ಟಳು. ಕೆಳಗಿನ ಓಣಿಯ ಪಂಪಾವತಿಗೆ ಮೈಯೆಲ್ಲ ಉರಿಯಿತು.

“ನಮ್ಮೋಣಿಗೆ ಈ ಗುಂಪೇ ಬ್ಯಾಡ. ಓಟ್ ಹಾಕ್ರಿ!”

ಗುಂಪಿನಲ್ಲಿ ಇರುವವರು ಗಡಿಗೆಗೆ ಭತ್ತದ ಕಾಳು ಹಾಕಬೇಕು, ಬಿಡುವವರು ಜೋಳದ ಕಾಳು. ಓಣಿಯ ಹೆಂಗಸರೆಲ್ಲ ಹಾಕಿದರು. ಗಡಿಗೆ ಬೋರಲು ಮಾಡಿದರೆ ಬಹುತೇಕ ಜೋಳ!

3

“ತಾಯಕ್ಕನ್ನ ಸ್ವಲ್ಪ ಹೆದರ್ಸಾಣ ಅಂತ ಜ್ವಾಳ ಹಾಕಿದ್ನೆವ್ವ. ಉಳಿದೋರು ಭತ್ತ ಹಾಕ್ತಾರ ಅಂದ್ಕಂಡಿದ್ದೆ,” ಎಂದಳು ಪಂಪಾವತಿಯ ಓಣಿಯ ಜಂಬವ್ವ. ಪಕ್ಕದ ಮನೆಯ ಎರ್ರೆಮ್ಮನೂ ಅದನ್ನೇ ಅಂದಳು. ಓಣಿಗೆ ಓಣಿಯೇ ಅದನ್ನೇ ಅಂದಿತು. ಆಮೇಲೆ ಒಬ್ಬೊಬ್ಬರಾಗಿ ತಾಯಕ್ಕನ ಮನೆಗೆ ಹೋಗಿ ಹಲ್ಲು ಗಿಂಜಿ ಮತ್ತೆ ಸೇರಿಕೊಂಡರು. ಪಂಪಾವತಿಯೂ ಹೋದಳು, ಸೇರುವುದಕ್ಕಲ್ಲ, ತಾನು ಮಾಡಿಕೊಟ್ಟ ಕೆಲಸದ ಮುಯ್ಯಿ ಕೇಳುವುದಕ್ಕೆ.

“ನಿಮ್ಮೋಣಿ ಗದ್ದಿ ಎಲ್ಲಾ ಹಚ್ಚಿಕೊಟ್ಟೀನಕ್ಕ. ನನ್ನದೊಂದು ಎಕರೆ ಹಚ್ಚಿಕೊಡ್ರಿ.”

“ಬಿಟ್ಟು ಹೋದಾಕಿಗೆ ಎಂಥಾ ಮುಯ್ಯಿ ಲೇ?”

ಊರಿಗೆಲ್ಲ ಬೆನ್ನು ಬಗ್ಗಿಸಿ, ತನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಗುಂಪು ಬಿಟ್ಟಳು ಮಹಾತಾಯಿ! ಈಗ ಸಸಿಮಡಿಯಲ್ಲಿ ಸಸಿ ಬಲಿಯುತ್ತಿದೆ. ಇನ್ನೂ ತಡವಾದರೆ ದನಕ್ಕೆ ಹಾಕಬೇಕು. ಆ ಎಕರೆಯ ಭತ್ತವೇ ಅವಳ ಮನೆಗೆ ವರ್ಷದ ಅನ್ನ. ಗೇಲಿ ಮಾಡಲು ಹೊರಟವನು ಇಲ್ಲಿಗೆ ಬಂದು ಅವಳಿಗೊಂದು ಒಳ್ಳೆಯ ಅಂತ್ಯ ಹುಡುಕತೊಡಗಿದೆ.

3 (ಮತ್ತೆ)

ಮೊದಲನೇ ಅಂತ್ಯ: ತಾಯಕ್ಕನ ಮನಸ್ಸು ಕರಗುತ್ತದೆ. ಎಲ್ಲರೂ ಹಾಡುತ್ತ ಪಂಪಾವತಿಯ ಗದ್ದೆಗೆ ಇಳಿಯುತ್ತಾರೆ.

“ಸುಳ್ಳು ಬರೀಬ್ಯಾಡ್ರಿ ಸರ,” ಎಂದಳು ಪಂಪಾವತಿ. (ಪಾತ್ರಗಳಿಗೆ ಸಲುಗೆ ಕೊಟ್ಟರೆ ಹೀಗೇ.) “ಕರಗಾಕ ಆಕಿ ಏನ್ ಬೆಲ್ಲ ಏನ್ರಿ?”

ಇನ್ನೊಂದು ಅಂತ್ಯ: ಪಂಪಾವತಿ ಹೋಗಿ ತಾಯಕ್ಕನ ಕಾಲಿಗೆ ಬೀಳುತ್ತಾಳೆ.

“ನಾ ಬೀಳಂಗಿಲ್ಲ. ಬೇಕಂದ್ರ ನೀವು ಬೀಳ್ರಿ.”

ಹೋಗಲಿ, ಓಪನ್ ಎಂಡಿಂಗ್: ಅವಳೊಬ್ಬಳೇ ಕೆಸರಿಗೆ ಇಳಿಯುತ್ತಾಳೆ. ದೂರದಲ್ಲಿ ಸೂರ್ಯ...

“ಸೂರ್ಯ ಬಂದು ಸಸಿ ಹಚ್ತಾನೇನ್ರಿ? ಕಥಿ ಯಾರದು, ಹೇಳ್ರಿ.”

“ನಿಂದೇ ಬಿಡವ್ವ.”

“ನನ್ನ ಜಗಳ, ನನ್ನ ಗದ್ದಿ, ನನ್ನ ಮಾತು ಎಲ್ಲಾ ತಗಂಡೀರಿ. ಈಗ ನೀವು ಮುಯ್ಯಿಗೆ ಬರ್ರಿ.”

5

(ನಾಲ್ಕನೇ ಭಾಗದಲ್ಲಿ ನಾನು ನೆಪ ಹೇಳಿದ್ದೆ, ತೆಗೆದುಹಾಕಿದ್ದೇನೆ.) ಕೊನೆಗೆ, ನನಗೆ ಸಸಿ ಹಚ್ಚಲು ಬರುವುದಿಲ್ಲ ಎಂದೆ.

“ಕಥಿ ಬರಿಯಾಕ ಬರ್ತದೇನು? ಬಂದಂಗ ಬರದೀರಿ. ಹಂಗ ಹಚ್ರಿ, ಜಲ್ದಿ ಬರ್ರಿ.”

ಇದನ್ನು ಕಂಪ್ಲಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಪ್ಯಾಂಟನ್ನು ಈಗಲೇ ಮೊಣಕಾಲವರೆಗೆ ಮಡಚಿಕೊಂಡಿದ್ದೇನೆ, ಕಂಡಕ್ಟರ್ ಮುಸಿಮುಸಿ ನಗುತ್ತಿದ್ದಾನೆ. ಗದ್ದೆ ನಾಟಿಯಾಯಿತೋ ಇಲ್ಲವೋ ಅಂತ ನನ್ನನ್ನು ಕೇಳಬೇಡಿ. ಒಂದು ಎಕರೆಗೆ ನಾವಿಬ್ಬರು ಏನೇನೂ ಸಾಲುವುದಿಲ್ಲ. ಅಂದಹಾಗೆ, ನೀವೂ ಇಲ್ಲಿಯತನಕ ಅವಳ ಕಥೆ ಓದಿದಿರಲ್ಲ? ಪಕ್ಕದ ಸೀಟು ಖಾಲಿ ಇದೆ. ಸ್ವಲ್ಪ ಸರಿದು ಕೂತಿದ್ದೇನೆ.