ಹಗ್ಗ ಬಿಟ್ಟವರು

ನನ್ನ ತಮ್ಮ ಶಕೀಬ್ ಚುನಾವಣೆಗೆ ನಿಂತ ವರ್ಷ, ನಮ್ಮ ಅಂಗಳಕ್ಕೆ ಬೆಕ್ಕು ಬಂದರೂ ಅದು ಯಾರ ಮನೆಯದು, ಯಾಕೆ ಬಂತು, ಬಂದು ಏನು ನೋಡಿಕೊಂಡು ಹೋಯಿತು ಎಂದು ವಿಚಾರಣೆ ನಡೆಯುತ್ತಿತ್ತು.

ಮೊದಲು ಹಾಗಿರಲಿಲ್ಲ. ಒಂದೇ ಒಂದು ಮೀನು ದೋಣಿಯಿಂದ ಶುರು ಮಾಡಿದವನು. ಆಮೇಲೆ ಒಣಮೀನಿನ ವ್ಯಾಪಾರ, ಆಮೇಲೆ ಸಿಮೆಂಟು. ಮಾಲ್ಡೀವ್ಸಿನ ಯಾವ ದ್ವೀಪದಲ್ಲಿ ಗೋಡೆ ಎದ್ದರೂ ಪಕ್ಕದಲ್ಲಿ ಅವನ ಖಾಲಿ ಚೀಲ ಬಿದ್ದಿರುತ್ತಿತ್ತು. ಮಂತ್ರಿಗಳು ಅವನ ಮಗಳ ಮದುವೆಗೆ ಬಂದು ಉಂಡು ಕೈ ತೊಳೆದು ಹೋದವರೇ. ಅವರಲ್ಲೊಬ್ಬ ಬಂದರಿನ ಕೆಲಸವನ್ನು ತನ್ನ ಭಾವಮೈದುನನಿಗೆ ಕೊಟ್ಟಾಗ ಇವನು ಟಿವಿಯಲ್ಲಿ ಕೂತು ಅದು ಮೋಸ ಎಂದ. ಸರಿ, ಗೋದಾಮಿಗೆ ಬೀಗ ಬಿತ್ತು, ಇವನ ಮೇಲೆ ಕೇಸು ಬಿತ್ತು. ಇವನು ಹೋಗಿ ವಿರೋಧ ಪಕ್ಷ ಸೇರಿದ. ಗೆದ್ದು ಮಜ್ಲಿಸ್ ಎಂಬ ನಮ್ಮ ಸಂಸತ್ತಿನೊಳಗೆ ಕೂತರೆ ಸರ್ಕಾರ ಮೈ ಮುಟ್ಟಲು ಹಿಂದೆ ಮುಂದೆ ನೋಡುತ್ತದೆ, ಸೋತರೆ ಜೈಲೇ ಗತಿ ಎಂದು ವಕೀಲರು ಹೇಳಿದ್ದರು. ಅದಕ್ಕೇ ಹುಟ್ಟಿದ ದ್ವೀಪವೂ ಸುತ್ತಲಿನ ಕೆಲವು ದ್ವೀಪಗಳೂ ಸೇರಿದ ಸೀಟಿಗೆ ನಿಂತ. ಬೇರೆ ಕಡೆ ಅಲ್ಲದಿದ್ದರೂ ಇಲ್ಲಿ ತನ್ನವರು ಇದ್ದಾರೆ ಎಂಬ ಲೆಕ್ಕ.

ತನ್ನವರು ಇದ್ದರು. ಅವರನ್ನು ನಂಬುವ ಕಣ್ಣು ಮಾತ್ರ ಅವನಲ್ಲಿ ಉಳಿದಿರಲಿಲ್ಲ. ರಾಜಧಾನಿ ಮಾಲೆಯಿಂದ ಕಪ್ಪು ಕನ್ನಡಕದ ಕಾವಲಿನವರನ್ನು ಕರೆತಂದಿದ್ದ. ಅವನು ಭಾಷಣ ಮಾಡಬೇಕಿದ್ದ ಜಾಗದಲ್ಲಿ ಹಿಂದಿನ ದಿನವೇ ಸರ್ಕಾರದ ಪಕ್ಷದವರು ಹಸಿರು ಬಾವುಟ ಕಟ್ಟಿ ಸಭೆ ಮಾಡಿದಾಗಿನಿಂದ, ನಮ್ಮೊಳಗೇ ಒಬ್ಬ ಗೂಢಚಾರ ಇದ್ದಾನೆ ಎಂದು ಹಿಡಿದ ಹಟ ಬಿಡಲಿಲ್ಲ.

"ಗೂಢಚಾರ ಯಾಕಪ್ಪಾ ಬೇಕು ಇಲ್ಲಿ?" ಎಂದೆ. "ನೀನು ಈ ದಂಡೇಲಿ ಸೀನಿದ್ರೆ ಆ ದಂಡೇಲಿ ದೇವ್ರು ಕರುಣೆ ತೋರ್ಲಿ ಅಂತಾರೆ. ಇಷ್ಟೇ ಇಷ್ಟು ದ್ವೀಪ ಇದು."

"ನಿನಗೆ ಗೊತ್ತಾಗಲ್ಲ ದತ್ತಾ." ಅಕ್ಕನನ್ನು ಕರೆಯುವ ಆ ಮಾತನ್ನು ಅವನು ಮಗುವಾಗಿದ್ದಾಗಿನಷ್ಟೇ ಮುದ್ದಾಗಿ ಅನ್ನುತ್ತಿದ್ದ. "ಮೂಸಾಬೆ ಮನೆ ಮೇಲೆ ಹಸಿರು ಬಾವುಟ ನೋಡ್ದೆ."

"ಅದು ಅವ್ರ ಅಳಿಯ ಕಟ್ಟಿದ್ದು. ಅವನಿಗೆ ಸರ್ಕಾರಿ ನೌಕರಿ. ಕಟ್ಟದೆ ಏನ್ ಮಾಡ್ತಾನೆ?"

"ಮನೆ ಯಾರದು?"

ಕಾಮಾಲೆ ಕಣ್ಣಿನವನ ಹತ್ತಿರ ಬಣ್ಣದ ಮಾತಾಡಿ ಪ್ರಯೋಜನ ಇಲ್ಲ. ಮೂಸಾಬೆ ಎಂದರೆ ಇವನ ಮೊದಲ ದೋಣಿಯ ನಾಯಕ. ಅಪ್ಪ ಸಮುದ್ರದಲ್ಲಿ ಹೋದ ಮೇಲೆ ಇವನನ್ನು ಚುಕ್ಕಾಣಿಯ ಪಕ್ಕ ಕೂರಿಸಿಕೊಂಡು, ಯಾವ ನೀರಿನ ಕೆಳಗೆ ಬಂಡೆ ಇದೆ ಎಂದು ಕಲಿಸಿದವರು. ಈಗ ಅವರ ಮೇಲೇ ಅನುಮಾನ.

ಮತದಾನಕ್ಕೆ ಒಂದು ದಿನ ಇದೆ ಎನ್ನುವಾಗ ಆ ಮೊದಲ ದೋಣಿಯನ್ನು ದಡಕ್ಕೆ ಎಳೆಸಬೇಕೆಂದು ಹೊರಟ. ತಳಕ್ಕೆ ಪಾಚಿ ಹಿಡಿದು ನೀರು ಜಿನುಗುತ್ತಿದ್ದುದು ನಿಜ. ಆದರೆ ಅವನ ಮನಸ್ಸಿನಲ್ಲಿ ಇದ್ದದ್ದು ಬೇರೆ.

"ಯಾರು ಬರ್ತಾರೆ, ಯಾರು ಬರಲ್ಲ ನೋಡೋಣ. ಬರದವನೇ ದ್ರೋಹಿ," ಎಂದ.

ನಾನು ನಕ್ಕುಬಿಟ್ಟೆ. ನಮ್ಮಲ್ಲಿ ದೋಣಿ ಎಳೆಯಲು ಕೂಗು ಹಾಕಿದರೆ ಬರದವರು ಯಾರು? ಗಂಡ ಹೆಂಡತಿ ಮಾತು ಬಿಟ್ಟಿರಲಿ, ಬೇಲಿ ಜಗಳ ಕೋರ್ಟಿನಲ್ಲಿರಲಿ, ಕೂಗು ಕೇಳಿದರೆ ಕೈಯಲ್ಲಿದ್ದ ತುತ್ತು ಬಿಟ್ಟು ಬಂದು ಹಗ್ಗ ಹಿಡಿಯುತ್ತಾರೆ. ದೋಣಿ ಮೇಲೆ ಬಂದ ಮೇಲೆ ಬೇಕಾದರೆ ಜಗಳ ಮುಂದುವರಿಸುತ್ತಾರೆ. ಅಜ್ಜನ ಕಾಲದಿಂದಲೂ ಹಾಗೆ. ಹಗ್ಗಕ್ಕೆ ಬರಬೇಡ ಎಂದು ಯಾರೂ ಯಾರಿಗೂ ಅಂದದ್ದಿಲ್ಲ. ಮಾಲೆಯಲ್ಲಿ ಬಹಳ ವರ್ಷ ಇದ್ದು ಇವನು ಅದನ್ನೂ ಮರೆತಿದ್ದ.

ಎಲ್ಲರೂ ಬಂದರು. ಹಸಿರಿನವರೂ ಬಂದರು, ನಮ್ಮವರೂ ಬಂದರು. ನಾನು ಬೆಳಿಗ್ಗೆಯೇ ಮೀನಿನ ಸಾರು, ಅನ್ನ, ಸಿಹಿಯನ್ನ ಮಾಡಿ ಮುಚ್ಚಿಟ್ಟಿದ್ದೆ. ಮರಳಿನ ಮೇಲೆ ತೆಂಗಿನ ದಿಮ್ಮಿಗಳನ್ನು ಸಾಲಾಗಿ ಹಾಸಿದರು. ಮೂಸಾಬೆ ಹಗ್ಗದ ತಲೆ ಹಿಡಿದು ಎಳೆತದ ಪದ ಎತ್ತಿದರು. ಅವರು ಒಂದು ಸಾಲು ಹೇಳಿದರೆ ನಾವೆಲ್ಲ "ಹೋಯ್" ಎಂದು ಎಳೆಯುವುದು. ಬಾಲದ ಕಡೆ ನಾವು ಹೆಂಗಸರು. ಎದುರು ಮನೆಯ ನಫೀಸಾ ಚುನಾವಣೆಯ ದೆಸೆಯಿಂದ ನನ್ನ ಜೊತೆ ಮಾತು ಬಿಟ್ಟವಳು, ಈಗ ನನ್ನ ಹಿಂದೆ ನಿಂತು ಕಿವಿಯಲ್ಲಿ, "ಸ್ವಲ್ಪ ಮುಂದೆ ಸರಿಯೇ, ತಿಂದು ತಿಂದು ಅಡ್ಡ ಬೆಳೆದಿದೀಯಾ," ಎಂದಳು. ನನಗೆ ಎಷ್ಟು ಹಿತವಾಯಿತೆಂದರೆ ಹೇಳಲಾರೆ.

ದೋಣಿ ಅರ್ಧ ನೀರು ಬಿಟ್ಟು ಮೇಲೆ ಬಂದಿತ್ತು. ಆಗ ಶಕೀಬ್ ಕೈ ಎತ್ತಿ "ನಿಲ್ಸಿ" ಎಂದ.

ಅವನ ಮುಖ ನೋಡಿದೆ. ಎಲ್ಲರೂ ಬಂದದ್ದೇ ಅವನಿಗೆ ಕಷ್ಟವಾಗಿತ್ತು. ಹಸಿರಿನವರು ಯಾಕೆ ಬಂದರು? ನಡುವೆ ಕೈ ಬಿಟ್ಟು ದೋಣಿ ಮುರಿಯಲೋ? ನಾವೇ ಎಳೆದುಕೊಟ್ಟೆವು ಎಂದು ಫೋಟೋ ತೆಗೆದು ತೋರಿಸಲೋ? ಅವನ ತಲೆಯೊಳಗೆ ಓಡುತ್ತಿದ್ದುದು ಹಣೆಯ ಮೇಲೇ ಕಾಣುತ್ತಿತ್ತು.

"ಹಸಿರು ಬಾವುಟದ ಮನೆಯವರು ಹಗ್ಗ ಬಿಡಿ. ನನ್ ದೋಣಿ ನನ್ ಜನ ಎಳೀತಾರೆ."

ಯಾರೋ ಒಬ್ಬ ತಮಾಷೆ ಎಂದುಕೊಂಡು ನಕ್ಕ. ಮೂಸಾಬೆ ತಿರುಗಿದರು. "ಯಾರಿಗೆ ಹೇಳ್ತಿದೀಯೋ ಮಗನೇ?"

"ನಿಮಗೂ ಸೇರಿಸಿಯೇ ಹೇಳ್ತಿದೀನಿ, ಮೂಸಾಬೆ."

ಮುದುಕರು ಮೊದಲು ದೋಣಿಯ ಕಡೆ ನೋಡಿ, "ಬೆಣೆ ಕೊಡ್ರಪ್ಪಾ, ಜಾರೀತು," ಎಂದರು. ಎರಡೂ ಪಕ್ಕ ಬೆಣೆ ಬಿಗಿದದ್ದನ್ನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಹಗ್ಗವನ್ನು ಮರಳಿನ ಮೇಲೆ ಇಟ್ಟು, ಲುಂಗಿ ಕೊಡವಿಕೊಂಡು ಮನೆಯ ಕಡೆ ನಡೆದರು.

ನಾನೂ ಹಗ್ಗ ಬಿಟ್ಟೆ. ನನ್ನ ಹಿಂದೆ ನಫೀಸಾ ಬಿಟ್ಟಳು. ಆಮೇಲೆ ನಮ್ಮ ಪಕ್ಷದವರು, ಅವರ ಪಕ್ಷದವರು, ಒಬ್ಬೊಬ್ಬರಾಗಿ ಬಿಟ್ಟರು. ಕಡೆಗೆ ಹಗ್ಗ ಹಿಡಿದು ನಿಂತವರು ಕಪ್ಪು ಕನ್ನಡಕದವರು ಮಾತ್ರ. ಪಾಪ, ಎಳೆದರು. ದೋಣಿ ಅಲುಗಲಿಲ್ಲ. ಸಿಹಿಯನ್ನವನ್ನು ಕೇಳುವವರಿರಲಿಲ್ಲ.

ಮರುದಿನ ನಾನು ಸಾಲಿನಲ್ಲಿ ನಿಂತು ಅವನಿಗೇ ಮತ ಹಾಕಿದೆ. ತಮ್ಮ, ಜೈಲಿಗೆ ಹೋಗುವುದನ್ನು ಹೇಗೆ ನೋಡಲಿ? ಸಂಜೆ ಶಾಲೆಯಲ್ಲಿ ಎಣಿಸಿದರು. ಬೇರೆ ದ್ವೀಪಗಳಲ್ಲಿ ಅವನಿಗೆ ಚೆನ್ನಾಗಿಯೇ ಬಿದ್ದಿತ್ತು. ಹುಟ್ಟಿದೂರಿನ ಪೆಟ್ಟಿಗೆಯೇ ಅವನನ್ನು ಮುಳುಗಿಸಿತು.

ಅದರ ಮಾರನೆಯ ಬೆಳಿಗ್ಗೆ, ನಮಾಜ್ ಮುಗಿದ ಹೊತ್ತಿಗೆ, ಕಡಲ ಕಡೆಯಿಂದ ಕೂಗು ಬಂತು. ಮೂಸಾಬೆಯ ದನಿ. ನೀರಂಚಿನಲ್ಲಿ ಬಿಟ್ಟರೆ ಅಲೆ ದೋಣಿಯನ್ನು ಬಡಿದು ಹಾಕುತ್ತದೆ, ಅದಕ್ಕೆ ಯಾವ ಪಕ್ಷ? ನಾನು ಶಕೀಬನ ಬಾಗಿಲು ತಟ್ಟಿದೆ, ತೆಗೆಯಲಿಲ್ಲ. ಒಬ್ಬಳೇ ಓಡಿದೆ. ಆ ದಿನ ನಾನು ಎಳೆದ ಹಾಗೆ ಹುಟ್ಟಿದಾಗಿನಿಂದ ಎಳೆದಿರಲಿಲ್ಲ. ಅವಮಾನ ಮಾಡಿದವನ ದೋಣಿಯನ್ನು ಊರು ಎಳೆಯುತ್ತಿರುವಾಗ ಅವನ ಅಕ್ಕ ಕೈ ಕಾಯ್ದುಕೊಳ್ಳುವುದು ಹೇಗೆ?

ಎಲ್ಲರೂ ಹೋದ ಮೇಲೆ ಅವನು ಬಂದ. ಒಣ ಮರಳಿನ ಮೇಲೆ ನಿಂತಿದ್ದ ದೋಣಿಯನ್ನು ಕಂಡು ಅವನ ಕಣ್ಣು ತುಂಬಿಕೊಳ್ಳುತ್ತದೆ ಎಂದುಕೊಂಡೆ. ಅವನು ಮಂಡಿಯೂರಿ ಅದರ ತಳಕ್ಕೆ ತೂರಿದ. ಹಲಗೆ ಹಲಗೆಯನ್ನೂ ಬೆರಳಿನಿಂದ ತಟ್ಟಿ, ಕಿವಿ ಇಟ್ಟು, ಸಂದಿಗಳಲ್ಲಿ ಉಗುರು ಹಾಕಿ ನೋಡಿದ.

"ಏನೋ ಹುಡುಕ್ತಿದೀಯಾ?"

"ಸುಮ್ನೆ ಎಳೆದುಕೊಡ್ತಾರಾ ಅವ್ರು? ಎಲ್ಲೋ ತೂತು ಹೊಡೆದಿರ್ತಾರೆ."

ತೂತು ಇರಲಿಲ್ಲ. ಹೊರಗೆ ಬಂದು ಮೊಣಕಾಲಿನ ಮರಳು ಒರೆಸಿಕೊಂಡ. "ಮೊನ್ನೆ ಮೊದಲು ಹಗ್ಗ ಬಿಟ್ಟೋರು ಯಾರು? ಮೂಸಾಬೆ ಬಿಡ್ಲಿ, ನಾನೇ ಹೇಳಿದ್ದೆ. ಆಮೇಲೆ? ನಮ್ಮವ್ರಲ್ಲಿ ಯಾರೋ ಸನ್ನೆ ಕೊಟ್ಟಿದಾರೆ. ಅವನು ಸಿಕ್ರೆ ಎಲ್ಲಾ ಗೊತ್ತಾಗುತ್ತೆ."

"ನಾನು," ಎಂದೆ.

ಅವನು ನನ್ನನ್ನೇ ನೋಡಿದ. ಅಮ್ಮ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಬೈಯುತ್ತಾನೆ, ಬೈಯಲಿ, ಆಮೇಲೆ ಅಳುತ್ತಾನೆ ಎಂದು ಕಾದೆ.

ಅವನು ದನಿ ತಗ್ಗಿಸಿ, ಬಹಳ ಮೃದುವಾಗಿ ಕೇಳಿದ. "ಅವ್ರು ನಿನಗೆ ಏನು ಕೊಟ್ರು, ದತ್ತಾ?"

ಎರಡೂ ಅಂಗೈಗಳನ್ನು ಬಿಚ್ಚಿ ಅವನ ಮುಂದೆ ಹಿಡಿದೆ. ಬೆಳಗಿನ ಹಗ್ಗಕ್ಕೆ ಚರ್ಮ ಕಿತ್ತುಬಂದು ರಕ್ತ ಒಸರುತ್ತಿತ್ತು. ಅವನು ಬಗ್ಗಿ ನೋಡಿದ. ದೋಣಿಯ ಹಲಗೆಗಳನ್ನು ನೋಡಿದ್ದನಲ್ಲ, ಅದೇ ಕಣ್ಣಿನಿಂದ ನೋಡಿದ.