ಎಡಗಡೆಯ ಹೆಸರು

ರಾತ್ರಿ ಒಂದೂವರೆಗೆ ಬಾಗಿಲು ಬಡಿದ ಸದ್ದು. ಮೂರು ಸಲ, ತಡೆದು ತಡೆದು.

ಸರ್ವರ್ ಕೋಣೆಯ ಚಳಿಗೆ ಶಾಲು ಹೊದ್ದು ಒಬ್ಬಳೇ ಕುಳಿತಿದ್ದ ಪ್ರೋಗ್ರಾಮರ್ ಎದ್ದು ಚಿಲಕ ತೆಗೆದಳು. ಅಣ್ಣ! ಅವಳನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ, ಸೇರಿಸಿದ ತಿಂಗಳಲ್ಲೇ ತಾನು ಹೊರಬಿದ್ದವನೂ ಅವನೇ. ಒಂಬತ್ತು ವರ್ಷಗಳಿಂದ ಈ ಕಟ್ಟಡದತ್ತ ತಲೆ ಹಾಕಿರಲಿಲ್ಲ.

"ಕಾವಲುಗಾರ ಒಳಗೆ ಬಿಟ್ಟನಾ?"

"ನನ್ನ ಮುಖ ಮರೆತಿಲ್ಲ, ಪಾಪ. ಸಂಜೆ ನೀನು ಫೋನಲ್ಲಿ ಹೇಳಿದ ಕೆಲಸ ಎಲ್ಲೀವರೆಗೆ ಬಂತು?"

ಅರ್ಧದವರೆಗೆ ಬಂದಿತ್ತು. ಲಿಫ್ಟ್‌ಗಳನ್ನು ನಡೆಸುವ ತಂತ್ರಾಂಶದ ಯಾವ ಸಾಲನ್ನು ಯಾರು, ಯಾವಾಗ ತಿದ್ದಿದರೆಂಬ ಹದಿನೈದು ವರ್ಷಗಳ ದಾಖಲೆಯನ್ನು ಹಳೆಯ ವ್ಯವಸ್ಥೆಯಿಂದ ಗಿಟ್ ಎಂಬ ಹೊಸದಕ್ಕೆ ಸಾಗಿಸುವ ಕೆಲಸ. ಯಾರೂ ಏನನ್ನೂ ತಿದ್ದದ ಹೊತ್ತಿನಲ್ಲೇ ಅದು ಮುಗಿಯಬೇಕು. ಬೆಳಗ್ಗೆ ಎಂಟಕ್ಕೆ ಹಳೆಯ ಡಿಸ್ಕ್‌ಗಳನ್ನೆಲ್ಲ ಅಳಿಸಿಬಿಡುತ್ತಾರೆ.

"ಹಳೇದನ್ನೆಲ್ಲ ಯಾಕೆ ಹೊರ್ತೀಯೇ? ಇವತ್ತಿನ ಪ್ರತಿ ಒಂದು ತಗೊ, ಬಾಗಿಲು ಹಾಕು, ಮನೆಗೆ ನಡಿ."

"ಅದರಲ್ಲಿ ನಿನ್ನ ಹೆಸರು ಕೂತಿದೆಯಲ್ಲ, ಅದನ್ನ ಎಬ್ಬಿಸಬೇಕು."

ಒಂಬತ್ತು ವರ್ಷಗಳ ಹಿಂದೆ ಯಾರೋ ಒಂದು ಸಾಲು ತಿದ್ದಿ, ಲಿಫ್ಟಿನ ಬಾಗಿಲು ಮುಚ್ಚುವ ಮುನ್ನ ಕಾಯುವ ನಾಲ್ಕು ಸೆಕೆಂಡುಗಳನ್ನು ಸೊನ್ನೆಯಾಗಿಸಿದ್ದರು. ಆಸ್ಪತ್ರೆಯೊಂದರಲ್ಲಿ ನರ್ಸಮ್ಮನೊಬ್ಬಳು ತೋಳು ಕಳೆದುಕೊಂಡಳು. ವಿಚಾರಣೆಗೆ ದಾಖಲೆ ತೆರೆದರೆ ಆ ಸಾಲಿನ ಮುಂದೆ ಅಣ್ಣನ ಹೆಸರು! ಅವನು ತಪ್ಪು ತನ್ನದೇ ಎಂದ. ಕೆಲಸ ಹೋಯಿತು. ಅತ್ತಿಗೆ ಕೂಸನ್ನೆತ್ತಿಕೊಂಡು ತವರು ಸೇರಿದಳು. ಈಗ ಅವನು ಒಂದು ಮೆಟ್ಟಿಲ ಕೆಳಗೆ ಕುಳಿತು ಬೀಗದ ಕೈ ಮಾಡಿಕೊಡುತ್ತಾನೆ.

"ಆ ಸಾಲಿನ ತಾರೀಕು ಇವತ್ತು ನೋಡಿದೆ. ಅವತ್ತು ನಿನ್ನ ಮಗಳು ಹುಟ್ಟಿದ ದಿನ. ಇಡೀ ದಿನ ಹೆರಿಗೆ ವಾರ್ಡಿನ ಮುಂದೆ ನಿಂತಿದ್ದವನು ಅಲ್ಲಿಂದ ಹೇಗಪ್ಪಾ ತಿದ್ದಿದೆ, ಗಾಳಿಲಾ? ಇದು ಆಗಿನ ಮ್ಯಾನೇಜರ್ ಮೀಸೆ ಸಾಹೇಬರ ಕೈವಾಡ."

"ಅವರಿಗೆ ಮೀಸೆ ಬಿಟ್ಟು ಬೇರೇನೂ ತಿದ್ದೋಕೆ ಬರ್ತಿರಲಿಲ್ಲ ಬಿಡು."

ಅವಳಿಗೆ ನಗು ಬರಲಿಲ್ಲ. ಅಪಘಾತವಾದ ವಾರವೇ, ವಿಚಾರಣೆಗೆ ಮುನ್ನ, ಈ ದಾಖಲೆ ಒಮ್ಮೆ ಹೀಗೆಯೇ ಮನೆ ಬದಲಿಸಿತ್ತು, ಸಾಗಿಸಿದವನು ಅಣ್ಣನೇ. ಸಾಗಿಸಲು ಒಂದು ಹೆಸರುಪಟ್ಟಿ ಬೇಕು: ಎಡಗಡೆ ಹಳೆಯ ಲಾಗಿನ್, ಬಲಗಡೆ ಹೊಸ ದಾಖಲೆಯಲ್ಲಿ ಕಾಣಬೇಕಾದ ಹೆಸರು. ಬಲಗಡೆ ಏನು ಬರೆದರೂ ಯಂತ್ರ ಮರುಮಾತಿಲ್ಲದೆ ನಂಬುತ್ತದೆ.

"ಹಳೇ ಡಿಸ್ಕಲ್ಲಿ ಆ ಪಟ್ಟಿ ಸಿಕ್ಕಿದೆ, ಅಣ್ಣ. ಇನ್ನೂ ತೆರೆದಿಲ್ಲ. ಬೇರೆಯವರ ಲಾಗಿನ್ ಮುಂದೆ ನಿನ್ನ ಹೆಸರು ಬರ್ದೆಯಾ?"

ಅವನು ಬಂದು ಪರದೆಗೆ ಅಡ್ಡ ನಿಂತ. ಅಂಗೈ ತುಂಬ ಕಬ್ಬಿಣದ ಕಪ್ಪು.

"ಚಿಕ್ಕ ವಯಸ್ಸು ಕಣೇ. ಪರೀಕ್ಷೆಗೆ ಅಂತ ಹಾಕಿದ ಸೊನ್ನೆ, ತೆಗೆಯೋದು ಮರೆತುಹೋಗಿತ್ತು. ಮಾಡಿದವರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದ್ರೆ ಬದುಕಿರೋವರೆಗೂ ಆ ತೋಳು ಕಣ್ಮುಂದೆ ಬರುತ್ತೆ. ಬೆಳಗ್ಗೆ ಹೇಗೂ ಅಳಿಸ್ತಾರೆ. ಬಿಟ್ಬಿಡು."

"ಯಾರದೋ ಚಿಕ್ಕ ವಯಸ್ಸಿಗೆ ನಿನ್ನ ಸಂಸಾರ ಸುಟ್ಕೊಂಡೆಯಾ? ಅಂಥವರನ್ನ ನಾನು ಸುಮ್ಮನೆ ಬಿಡಲ್ಲ. ಸರಿ ಆಚೆ."

"ಬೇಡ, ತಂಗಿ."

ಅವಳು ಅವನ ಭುಜವನ್ನು ಪಕ್ಕಕ್ಕೆ ತಳ್ಳಿ ಪಟ್ಟಿ ತೆರೆದಳು. ಬಲಗಡೆ ಅಣ್ಣನ ಹೆಸರು ಎರಡು ಕಡೆ ಇತ್ತು. ಮೊದಲನೆಯದರ ಎಡಕ್ಕೆ ಅವನದೇ ಲಾಗಿನ್. ಅವಳು ಎರಡನೆಯದರತ್ತ ಕಣ್ಣು ಹೊರಳಿಸಿದಳು.

ಎಡಗಡೆ ಇದ್ದದ್ದು ಅವಳದೇ ಹೆಸರು.