ಅರಳೇಪೇಟೆಯ ಬಾಗಿಲು

ಭಾನುವಾರ ಅಂದರೆ ಎಲ್ಲರಿಗೂ ರಜೆ, ನನಗೆ ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡು. ಬುತ್ತಿ ಕಟ್ಟಿಕೊಂಡು, ಅತ್ತೆಯ ಕೈ ಹಿಡಿದು ಬಸ್ಸು ಹತ್ತಿಸಿ, ತಾವರೆಕೆರೆ ದಾಟಿ ಇಳಿದು, ಹೊಲದ ಬದುವಿನ ಮೇಲೆ ನಡೆದರೆ ನಮ್ಮ ಜಮೀನು. ಎರಡು ವರ್ಷದಿಂದ ಇದೇ ಪಾಡು. ಹೋಗಿ ನೋಡುವುದಾದರೂ ಏನು? ಹೋದ ವಾರದ ಗೋಡೆ ಈ ವಾರ ಎರಡು ವರಸೆ ಇಟ್ಟಿಗೆಯಷ್ಟು ಎದ್ದಿರುತ್ತಿತ್ತು, ಅದೂ ಮೇಸ್ತ್ರಿ ಬಂದಿದ್ದರೆ. ಅವನ ನೆಂಟರಲ್ಲಿ ವಾರಕ್ಕೊಬ್ಬರು ಮದುವೆಯಾಗುತ್ತಿದ್ದರು, ಇಲ್ಲವೇ ಸಾಯುತ್ತಿದ್ದರು.

ನನ್ನ ಗಂಡ ಗಂಗಾಧರಯ್ಯನವರದು ಚಾಮರಾಜಪೇಟೆಯಲ್ಲಿ ಪುಟ್ಟ ಪ್ರೆಸ್ಸು. ಲಗ್ನಪತ್ರಿಕೆ, ಕರಪತ್ರ ಅಚ್ಚು ಹಾಕುತ್ತಿದ್ದರು. ಅಂಗಡಿ ಬಿಡಿ ಎಂದು ಮಾಲೀಕರು ಹೇಳಿದ ಮೇಲೆ, ಪ್ರೆಸ್ಸು, ಮನೆ ಎರಡನ್ನೂ ಊರಾಚೆಯ ಜಮೀನಿನಲ್ಲೇ ಕಟ್ಟೋಣ ಅಂದರು. ನಾನು ಒಪ್ಪಿದ್ದು ಅಡುಗೆಮನೆಯ ಆಸೆಗೆ. ಶಂಕರಪುರದ ವಠಾರದಲ್ಲಿ ನಮ್ಮ ಅಡುಗೆಮನೆ ಅಂದರೆ ನಡುಮನೆಯ ಒಂದು ಮೂಲೆ. ಒಗ್ಗರಣೆ ಹಾಕಿದರೆ ಮಲಗಿದವರು ಕೆಮ್ಮುತ್ತಾ ಏಳುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಮೂಲೆಯಲ್ಲೇ ಬೆಂದಿದ್ದೇನೆ. ಹೊಸ ಮನೆಗೆ ಪಾಯ ತೆಗೆಯುವಾಗ ಅಡುಗೆಮನೆಯ ಸುಣ್ಣದ ಗೆರೆ ಎಳೆದವಳು ನಾನೇ. ನನಗೆ ಬೇಕಾಗಿದ್ದದ್ದು ಅದೊಂದೇ.

ಮೊದಲು ಎದ್ದದ್ದು ಪ್ರೆಸ್ಸಿನ ಕಟ್ಟಡ. ಹೊಟ್ಟೆಪಾಡು ನಿಲ್ಲಬಾರದಲ್ಲ, ಸರಿ. ಅದಕ್ಕೆ ಬಾಗಿಲು ನಿಲ್ಲಿಸುವ ಹೊತ್ತಿಗೆ ಅತ್ತೆ ಗುರುಬಸಮ್ಮ ಪಟ್ಟು ಹಿಡಿದರು. ಅರಳೇಪೇಟೆಯ ತಮ್ಮ ಹಳೇ ಮನೆ ಕೆಡವಿದಾಗ ಅದರ ತಲೆಬಾಗಿಲನ್ನು ಚೌಕಟ್ಟಿನ ಸಮೇತ ಉಳಿಸಿಕೊಂಡಿದ್ದರು. ಈ ಜಮೀನಿನಲ್ಲಿ ಮೊದಲು ನಿಲ್ಲುವ ಬಾಗಿಲು ಅದೇ ಆಗಬೇಕು, ಮನೆಗೋ ಪ್ರೆಸ್ಸಿಗೋ ತಮಗೆ ಗೊತ್ತಿಲ್ಲ ಅಂದರು. ನನ್ನವರು ತಾಯಿಗೆ ಎದುರಾಡಿದವರಲ್ಲ. ಒಳ್ಳೆಯ ದಿನ ನೋಡಿ, ಚೌಕಟ್ಟಿಗೆ ವಿಭೂತಿ ಬಳಿದು, ಕಾಯಿ ಒಡೆದು ನಿಲ್ಲಿಸಿದೆವು. ಒಳಗೆ ಹೋಗುವವರು ತಲೆ ಬಗ್ಗಿಸಬೇಕು, ಅಷ್ಟು ಗಿಡ್ಡ. ಅಗಲವೂ ಅಷ್ಟಕ್ಕಷ್ಟೇ. ಪೂಜೆಯ ಗಡಿಬಿಡಿಯಲ್ಲಿ ಅಚ್ಚಿನ ಮಷೀನು ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ನೆನಪಾದದ್ದು ಎಪ್ಪತ್ತೊಂಬತ್ತರ ಶ್ರಾವಣದಲ್ಲಿ, ಮಷೀನು ಲಾರಿಯಲ್ಲಿ ಬಂದು ಬಾಗಿಲ ಮುಂದೆ ನಿಂತಾಗ. ಚಕ್ರ ಬಿಚ್ಚಿದರು, ಪೆಡಲು ಬಿಚ್ಚಿದರು, ಅಡ್ಡ ತಿರುಗಿಸಿದರು. ಕಬ್ಬಿಣದ ಒಡಲು ಒಳಗೆ ಹೋಗಲೊಲ್ಲದು. ಹಮಾಲರು ಬೆವರು ಒರೆಸಿಕೊಂಡು ಕೂತರು. ಲಾರಿಯವನು ಗೊಣಗತೊಡಗಿದ. ಚೌಕಟ್ಟು ಕಿತ್ತು ಗೋಡೆ ಅಗಲ ಮಾಡಿಕೊಡುತ್ತೇನೆ, ಎರಡು ದಿನದ ಕೆಲಸ ಎಂದು ಮೇಸ್ತ್ರಿ ಅಂದ. ಎಲ್ಲರೂ ಹೊಂಗೆ ಮರದ ನೆರಳಲ್ಲಿ ಕೂತಿದ್ದ ಅತ್ತೆಯ ಕಡೆ ನೋಡಿದೆವು.

"ನಾನಿರೋವರ್ಗೂ ಅದನ್ನ ಕೀಳ್ಬೇಡ ಕಣೋ," ಅಂದರು ಅವರು, ಮಗನ ಮುಖ ನೋಡದೆ.

ನನ್ನವರು ಮುಗಿಲ ಕಡೆ ನೋಡಿದರು. ಮೋಡ ಕವಿಯುತ್ತಿತ್ತು. ಮನೆಗೆ ಇನ್ನೂ ಸೂರಿರಲಿಲ್ಲ. ನನ್ನ ಗೋಳು ತಾಳಲಾರದೆ ಅಡುಗೆಮನೆಯೊಂದಕ್ಕೆ ಮಾತ್ರ ಶೀಟು ಹೊದಿಸಿದ್ದರು. ಅದರ ಹಿತ್ತಿಲ ಕಡೆಯ ಗೋಡೆ ಎದ್ದಿರಲಿಲ್ಲವಾದ್ದರಿಂದ ಆನೆಯನ್ನೂ ಒಳಗೆ ನುಗ್ಗಿಸಬಹುದಿತ್ತು. ನನಗೆ ರೇಗಿ ಹೋಗಿತ್ತು. ತಾಯಿಗೆ ಒಂದು ಮಾತು ಹೇಳಲಾರದ ಈ ಮನುಷ್ಯ ನನ್ನ ಪರವಾಗಿಯಾದರೂ ಒಮ್ಮೆ ಬಾಯಿ ಬಿಡಲಿ, ಅದು ಮಾತ್ರ ಆಗದು ಅನ್ನಲಿ ಎಂದೇ ಆ ಮಾತು ಆಡಿದೆ.

"ನನ್ನ ಅಡುಗೆಮನೆ ಇದೆಯಲ್ಲ. ಅಲ್ಲೇ ಇಳಿಸ್ಬಿಡಿ."

ಅವರ ಮುಖ ಅರಳಿತು. ಎಷ್ಟೋ ದಿನದಿಂದ ನಾನು ಕಾಣದ ನಗು.

"ಆಗ್ಲಿಂದ ನಾನೂ ಅದನ್ನೇ ಯೋಚಿಸ್ತಿದ್ದೆ ಶೈಲಾ. ನಿನ್ನ ಕೇಳೋಕೆ ಬಾಯಿ ಬರ್ಲಿಲ್ಲ. ನೀನೇ ಅಂದಿದ್ದು ಒಳ್ಳೇದಾಯ್ತು."

ಹಮಾಲರು ಎದ್ದು ಹಗ್ಗ ಬಿಗಿದರು. ಜಗಳ ಆಡಬಹುದಿತ್ತು, ಅಳಬಹುದಿತ್ತು. ಎರಡಕ್ಕೂ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಮಷೀನು ಬರುವ ದಾರಿಗೆ ನಾನೇ ಅಡ್ಡವಾಗಿ ನಿಂತಿದ್ದೆನೆಂದು ಕಾಣುತ್ತದೆ. ಸ್ವಲ್ಪ ಸರ್ಕೊಳ್ಳಿ ಅಮ್ಮ ಅಂದ ಒಬ್ಬ.

ಸರಿದು ನಿಂತೆ.